ಊರಿನ ಹೆಸರು ಮೊದಲು: ಅಮೆರಿಕಕ್ಕೆ ವಲಸೆ ಬಂದ ಜರ್ಮನ್ ಪೂರ್ವಜರ ಮೂಲವನ್ನು ಹುಡುಕುವ ಬಗೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಓದುಗರು ಕೆಲವು ಕಾಲದಿಂದ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿದ್ದಾರೆ. ಮನೆಗೆ ಬಂದ ಸೊಸೆಯ ಅಥವಾ ಅಳಿಯನ ಮುತ್ತಜ್ಜನ ತಂದೆ ಜರ್ಮನಿಯಿಂದ ಹಡಗು ಹತ್ತಿ ಬಂದವನು. ಮೊಮ್ಮಕ್ಕಳ ವಂಶಾವಳಿಯಲ್ಲಿ ನಮ್ಮ ಕಡೆಯ ಕೊಂಬೆಯನ್ನು ಊರು, ಮನೆತನಗಳ ಸಮೇತ ಬರೆದುದಾಗಿದೆ, ಆ ಕಡೆಯದು ಮಾತ್ರ ‘ಜರ್ಮನಿ’ ಎಂಬ ಒಂದೇ ಪದಕ್ಕೆ ಬಂದು ನಿಂತಿದೆ. ಅದರಿಂದಾಚೆಗೆ ಹೋಗುವುದು ಹೇಗೆ? ಎಲ್ಲರಿಗೂ ಒಂದೊಂದಾಗಿ ಉತ್ತರಿಸುವ ಬದಲು ಇಡೀ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಒಂದು ಸಂಗತಿ ಮೊದಲೇ ಮನಸ್ಸಿನಲ್ಲಿರಲಿ. ಹಿಂದಿನ ತಲೆಮಾರುಗಳ ಹುಟ್ಟು, ಮದುವೆ, ಸಾವುಗಳನ್ನು ಇಡೀ ಜರ್ಮನಿಗೆ ಒಂದೆಡೆ ಸೇರಿಸಿಟ್ಟ ಕಚೇರಿ ಎಲ್ಲಿಯೂ ಇಲ್ಲ. 1871ರವರೆಗೆ ಜರ್ಮನಿ ಎಂಬ ಒಂದು ರಾಷ್ಟ್ರವೇ ಇರಲಿಲ್ಲ. 1815ರ ಜರ್ಮನ್ ಒಕ್ಕೂಟದಲ್ಲಿದ್ದುದು ರಾಜ್ಯ, ಸಂಸ್ಥಾನ, ಸ್ವತಂತ್ರ ನಗರಗಳೆಲ್ಲ ಸೇರಿ ಸುಮಾರು 40 ಘಟಕಗಳು. ದಾಖಲೆ ಇಟ್ಟವರು ಆಯಾ ಊರಿನ ಚರ್ಚಿನ ಪಾದ್ರಿಗಳು, ಮುಂದೆ ಆಯಾ ಊರಿನ ನೋಂದಣಿ ಕಚೇರಿಯವರು. ಆದ್ದರಿಂದ ಪೂರ್ವಜನ ಹೆಸರೊಂದೇ ಗೊತ್ತಿದ್ದು ಊರು ಗೊತ್ತಿಲ್ಲದಿದ್ದರೆ ಯಾವ ಬಾಗಿಲನ್ನು ತಟ್ಟಬೇಕೆಂಬುದೇ ತಿಳಿಯುವುದಿಲ್ಲ. ಆ ಊರಿನ ಹೆಸರು ಸಿಗಬೇಕಾದ ಜಾಗ ಹೆಚ್ಚಿನ ಸಂದರ್ಭಗಳಲ್ಲಿ ಜರ್ಮನಿಯಲ್ಲ, ಅಮೆರಿಕವೇ. ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡು, ಊರು ತಿಳಿಯುವ ಮೊದಲೇ ಸಮುದ್ರ ದಾಟಿ ದಾರಿ ತಪ್ಪಿದವರ ಪತ್ರಗಳು.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಪ್ರತಿಯೊಂದು ಮಾಹಿತಿಯ ಪಕ್ಕದಲ್ಲಿ ಅದು ಯಾವ ದಾಖಲೆಯಿಂದ ಬಂತೆಂದು ಬರೆದಿಡುವ ಒಂದು ಕಡತ, ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಒಂದು ಉಚಿತ ಖಾತೆ, ಹತ್ತಿರದ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ (ಅನೇಕ ಗ್ರಂಥಾಲಯಗಳು ಹಣ ಕೊಟ್ಟು ನೋಡಬೇಕಾದ ವಂಶಶೋಧನೆಯ ಜಾಲತಾಣಗಳನ್ನು ತಮ್ಮ ಕಟ್ಟಡದೊಳಗೆ ಉಚಿತವಾಗಿ ತೋರಿಸುತ್ತವೆ), ಮತ್ತು ತಿಂಗಳುಗಟ್ಟಲೆ ಕಾಯುವ ಸಹನೆ. ಜರ್ಮನ್ ಭಾಷೆಯನ್ನು ಪೂರ್ತಿ ಕಲಿಯಬೇಕಾಗಿಲ್ಲ. ದಾಖಲೆಗಳಲ್ಲಿ ಪದೇ ಪದೇ ಬರುವ ನೂರು ಪದಗಳು ಸಾಕು.

ಹಂತ 1: ಮನೆಯಿಂದ ಪ್ರಾರಂಭಿಸಿ, ವಲಸೆಯ ದಶಕವನ್ನು ಗೊತ್ತುಮಾಡಿ

ಬದುಕಿರುವ ಹಿರಿಯರನ್ನು ಮೊದಲು ಮಾತನಾಡಿಸಿ. ‘ಯಾವ ಊರು?’ ಎಂದು ನೇರವಾಗಿ ಕೇಳಿದರೆ ‘ಗೊತ್ತಿಲ್ಲ’ ಎಂಬ ಉತ್ತರ ಬರುವುದೇ ಹೆಚ್ಚು. ಅದರ ಬದಲು ಮನೆಯಲ್ಲಿ ಯಾವ ಪಂಥದ ಚರ್ಚಿಗೆ ಹೋಗುತ್ತಿದ್ದರು, ಕ್ರಿಸ್‌ಮಸ್ ಹೊತ್ತಿಗೆ ಯಾರಿಂದ ಪತ್ರ ಬರುತ್ತಿತ್ತು, ಯುದ್ಧದ ನಂತರ ಯಾರಿಗೆ ಪೊಟ್ಟಣ ಕಳುಹಿಸುತ್ತಿದ್ದರು ಎಂದು ಕೇಳಿ. ಕುಟುಂಬದ ಬೈಬಲ್, ಹಳೆಯ ಪ್ರಾರ್ಥನಾ ಪುಸ್ತಕ, ಛಾಯಾಚಿತ್ರದ ಹಿಂಬದಿಯಲ್ಲಿರುವ ಸ್ಟುಡಿಯೊ ಮುದ್ರೆ, ಅಂಚೆಚೀಟಿಯ ಮೇಲಿನ ಠಸ್ಸೆ, ಇವುಗಳಲ್ಲಿ ಊರಿನ ಹೆಸರು ಅಡಗಿರುತ್ತದೆ.

ಪೂರ್ವಜರು ಯಾವ ದಶಕದಲ್ಲಿ ಬಂದರೆಂಬುದು ತಿಳಿದರೆ ಯಾವ ದಾಖಲೆಗಳನ್ನು ನಿರೀಕ್ಷಿಸಬಹುದೆಂದು ತಿಳಿಯುತ್ತದೆ. 1683ರಲ್ಲಿ ಕ್ರೇಫೆಲ್ಡ್‌ನ ಕುಟುಂಬಗಳು ಫಿಲಡೆಲ್ಫಿಯಾ ಬಳಿ ಜರ್ಮನ್‌ಟೌನ್ ಕಟ್ಟಿದ ಮೇಲೆ, ಹದಿನೆಂಟನೆಯ ಶತಮಾನದಲ್ಲಿ ಬಂದವರಲ್ಲಿ ಬಹಳಷ್ಟು ಜನ ರೈನ್ ನದಿಯ ಸುತ್ತಲಿನ ಪಾಲಟಿನೇಟ್ ಪ್ರದೇಶದವರು; 1727ರಿಂದ ಫಿಲಡೆಲ್ಫಿಯಾದಲ್ಲಿ ಇಳಿದ ಗಂಡಸರು ರಾಜನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕಿತ್ತು, ಆ ಪಟ್ಟಿಗಳು ಉಳಿದಿವೆ. 1840ರ ದಶಕದ ಬೆಳೆನಾಶ ಮತ್ತು 1848ರ ಕ್ರಾಂತಿಯ ನಂತರದ ಅಲೆ ಬೇರೆ, ಕೊನೆಯ ಹಾಗೂ ಅತಿ ದೊಡ್ಡ ಅಲೆ ಬೇರೆ. 1881ರಿಂದ 1890ರವರೆಗಿನ ಹತ್ತು ವರ್ಷಗಳಲ್ಲಿ 14 ಲಕ್ಷಕ್ಕೂ ಹೆಚ್ಚು ಜರ್ಮನರು ಅಮೆರಿಕದ ದಡ ಸೇರಿದರು, ಅವರಲ್ಲಿ ಪೊಮೆರೇನಿಯಾ, ಪಶ್ಚಿಮ ಪ್ರಷ್ಯಾಗಳಂಥ ಪೂರ್ವ ಭಾಗದವರು ಬಹಳ.

ಹಂತ 2: ಅಮೆರಿಕದ ಕಾಗದಗಳನ್ನು ಒಂದೂ ಬಿಡದೆ ನೋಡಿ

ಈ ಹಂತಕ್ಕೆ ನಿಮ್ಮ ಒಟ್ಟು ಸಮಯದ ಅರ್ಧವನ್ನಾದರೂ ಕೊಡಿ. ಜನಗಣತಿಯಿಂದ ಪ್ರಾರಂಭಿಸುವುದು ಸುಲಭ. 1850ರ ಗಣತಿಯಿಂದೀಚೆಗೆ ಮನೆಯ ಎಲ್ಲರ ಹೆಸರೂ ಹುಟ್ಟಿದ ನಾಡೂ ಇರುತ್ತವೆ. 1900ರ ಗಣತಿಯಲ್ಲಿ ಹುಟ್ಟಿದ ತಿಂಗಳು, ವರ್ಷ ಮತ್ತು ವಲಸೆ ಬಂದ ವರ್ಷವೂ, 1920ರದರಲ್ಲಿ ಪೌರತ್ವ ಪಡೆದ ವರ್ಷವೂ ಸಿಗುತ್ತವೆ. 1890ರ ಗಣತಿ 1921ರ ಬೆಂಕಿಯ ನಂತರ ಬಹುಪಾಲು ಇಲ್ಲವಾಗಿದೆ, ಅದನ್ನು ಹುಡುಕುತ್ತ ಕೂರಬೇಡಿ. ಪೌರತ್ವದ ಕಲಮಿನಲ್ಲಿ ‘ಎನ್‌ಎ’ ಎಂದಿದ್ದರೆ ಪೌರನಾಗಿದ್ದಾನೆ, ‘ಪಿಎ’ ಎಂದಿದ್ದರೆ ಮೊದಲ ಅರ್ಜಿ ಹಾಕಿದ್ದಾನೆ, ‘ಎಎಲ್’ ಎಂದಿದ್ದರೆ ಇನ್ನೂ ವಿದೇಶಿಯನೇ ಎಂದು ಅರ್ಥ.

ಗಣತಿಯಿಂದ ಗಣತಿಗೆ ಒಬ್ಬನೇ ವ್ಯಕ್ತಿಯ ಹುಟ್ಟಿದ ನಾಡು ಬದಲಾಗಿರುವುದನ್ನು ಕಂಡು ಅನೇಕರು ಇಬ್ಬರು ವ್ಯಕ್ತಿಗಳಿದ್ದರೆಂದು ಭಾವಿಸುತ್ತಾರೆ. 1860ರಲ್ಲಿ ‘ಹ್ಯಾನೋವರ್’, 1870ರಲ್ಲಿ ‘ಪ್ರಷ್ಯಾ’, 1900ರಲ್ಲಿ ‘ಜರ್ಮನಿ’ ಎಂದಿದ್ದರೆ ಮೂರೂ ಸರಿಯೇ. 1866ರ ಯುದ್ಧದ ನಂತರ ಪ್ರಷ್ಯಾ ದೇಶವು ಹ್ಯಾನೋವರ್, ಕುರ್‌ಹೆಸೆನ್, ನಸ್ಸೌ, ಫ್ರಾಂಕ್‌ಫರ್ಟ್, ಷ್ಲೆಸ್ವಿಗ್-ಹೋಲ್‌ಸ್ಟೈನ್‌ಗಳನ್ನು ತನ್ನೊಳಗೆ ಸೇರಿಸಿಕೊಂಡಿತು, 1871ರಲ್ಲಿ ಜರ್ಮನ್ ಸಾಮ್ರಾಜ್ಯ ಸ್ಥಾಪನೆಯಾಯಿತು. ಈ ಬದಲಾವಣೆಯೇ ನಿಮಗೆ ಸುಳಿವು: ಇವನು ಹ್ಯಾನೋವರ್ ಕಡೆಯವನು. ಬರಿಯ ‘ಪ್ರಷ್ಯಾ’ ಎಂಬ ಪದದಿಂದ ಮಾತ್ರ ಏನೂ ತೀರ್ಮಾನಿಸಬೇಡಿ, ಏಕೆಂದರೆ ಆ ರಾಜ್ಯ ಪಶ್ಚಿಮದ ರೈನ್ ತೀರದಿಂದ ಪೂರ್ವದಲ್ಲಿ ಇಂದಿನ ಲಿಥುವೇನಿಯಾದ ಅಂಚಿನವರೆಗೆ ಹರಡಿತ್ತು.

ಪೌರತ್ವದ ಕಡತಗಳ ವಿಷಯದಲ್ಲಿ 1906ರ ಸೆಪ್ಟೆಂಬರ್ 27 ಒಂದು ಗಡಿರೇಖೆ. ಅದಕ್ಕೆ ಮೊದಲು ಯಾವ ನ್ಯಾಯಾಲಯದಲ್ಲಾದರೂ ಪೌರತ್ವ ಪಡೆಯಬಹುದಿತ್ತು, ಕಾಗದದಲ್ಲಿ ‘ಬಾಡೆನ್‌ನ ಗ್ರಾಂಡ್ ಡ್ಯೂಕ್‌ಗೆ ನನ್ನ ನಿಷ್ಠೆಯನ್ನು ತ್ಯಜಿಸುತ್ತೇನೆ’ ಎಂಬಷ್ಟೇ ಇರುವುದು ಸಾಮಾನ್ಯ. ಊರು ಸಿಗದಿದ್ದರೂ ಯಾವ ಅರಸನೆಂಬುದರಿಂದ ರಾಜ್ಯ ತಿಳಿಯುತ್ತದೆ. ಆ ದಿನಾಂಕದ ನಂತರದ ಅರ್ಜಿಗಳಲ್ಲಿ ಹುಟ್ಟಿದ ಊರು, ದಿನಾಂಕ, ಹಡಗಿನ ಹೆಸರು, ಇಳಿದ ಬಂದರು ಎಲ್ಲವೂ ಇರುತ್ತವೆ, ಪ್ರತಿಯೊಂದರ ನಕಲೂ ಒಕ್ಕೂಟ ಸರ್ಕಾರಕ್ಕೆ ಹೋಗಿರುತ್ತದೆ. ವಿವಾಹಿತ ಸ್ತ್ರೀಯರ ಹೆಸರಿನ ಕಡತವನ್ನು 1922ಕ್ಕಿಂತ ಮೊದಲು ನಿರೀಕ್ಷಿಸಬೇಡಿ. ಗಂಡ ಪೌರನಾದರೆ ಹೆಂಡತಿಯೂ ತಾನಾಗಿ ಪೌರಳಾಗುತ್ತಿದ್ದಳು.

ಇವೆಲ್ಲಕ್ಕಿಂತ ಹೆಚ್ಚು ಬಾರಿ ಊರನ್ನು ಕೊಟ್ಟಿರುವುದು ವಲಸಿಗರ ಚರ್ಚುಗಳ ದಾಖಲೆ. ಓಹಾಯೊ, ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್, ಮಿಸೌರಿ ಮುಂತಾದೆಡೆಗಳ ಜರ್ಮನ್ ಲೂಥರನ್, ರಿಫಾರ್ಮ್ಡ್, ಕ್ಯಾಥೊಲಿಕ್ ಪಾದ್ರಿಗಳು ತಾವೂ ವಲಸಿಗರೇ ಆಗಿದ್ದುದರಿಂದ ‘ಜರ್ಮನಿ’ ಎಂದು ಬರೆದು ಕೈಬಿಡುತ್ತಿರಲಿಲ್ಲ. ಮದುವೆಯ ಅಥವಾ ಶವಸಂಸ್ಕಾರದ ನಮೂದಿನಲ್ಲಿ ಹಳ್ಳಿಯ ಹೆಸರನ್ನೇ ಕಾಣಿಸುತ್ತಿದ್ದರು. ನ್ಯಾಯಾಲಯದ ಮದುವೆ ಪತ್ರದಲ್ಲಿ ಮದುವೆ ಮಾಡಿಸಿದ ಪಾದ್ರಿಯ ಹೆಸರಿರುತ್ತದೆ. ಅವರು ಯಾವ ಚರ್ಚಿನವರೆಂದು ಪತ್ತೆಹಚ್ಚಿದರೆ ಆ ಚರ್ಚಿನ ಪುಸ್ತಕಕ್ಕೆ ತಲುಪುತ್ತೀರಿ. ಇದರ ಜೊತೆಗೆ ಜರ್ಮನ್ ಭಾಷೆಯ ಸ್ಥಳೀಯ ಪತ್ರಿಕೆಗಳ ಮರಣವಾರ್ತೆ ಮತ್ತು ಸಮಾಧಿಕಲ್ಲುಗಳನ್ನೂ ನೋಡಿ. ಇಂಗ್ಲಿಷ್ ಪತ್ರಿಕೆಯಲ್ಲಿ ಎರಡು ಸಾಲು ಬಂದ ವ್ಯಕ್ತಿಗೆ ಜರ್ಮನ್ ಪತ್ರಿಕೆಯಲ್ಲಿ ಅರ್ಧ ಅಂಕಣದ ಬಾಳಕಥೆ ಬಂದಿರಬಹುದು.

ಇಪ್ಪತ್ತನೆಯ ಶತಮಾನಕ್ಕೆ ಕಾಲಿಟ್ಟವರಿಗೆ ಇನ್ನೂ ಕೆಲವು ದಾರಿಗಳಿವೆ. 1917ರ ಸೇನಾ ನೋಂದಣಿ ಚೀಟಿಯಲ್ಲಿ, ಮತ್ತು 1942ರಲ್ಲಿ ಹಿರಿಯ ಗಂಡಸರಿಂದ (1877ರ ಏಪ್ರಿಲ್‌ನಿಂದ 1897ರ ಫೆಬ್ರವರಿಯವರೆಗೆ ಹುಟ್ಟಿದವರು) ಬರೆಸಿಕೊಂಡ ಚೀಟಿಯಲ್ಲಿ ಹುಟ್ಟಿದ ಊರನ್ನು ಕೇಳಲಾಗಿತ್ತು. 1936ರಿಂದ ಶುರುವಾದ ಸೋಷಿಯಲ್ ಸೆಕ್ಯುರಿಟಿ ಅರ್ಜಿಯಲ್ಲಿ ತಂದೆಯ ಹೆಸರೂ ತಾಯಿಯ ತವರು ಹೆಸರೂ ಇರುತ್ತವೆ.

ಇಷ್ಟೆಲ್ಲ ನೋಡಿದರೂ ಊರು ಸಿಗದಿದ್ದರೆ ನಿಮ್ಮ ಪೂರ್ವಜನನ್ನು ಬಿಟ್ಟು ಅವನ ಸುತ್ತಲಿನವರನ್ನು ಹಿಡಿಯಿರಿ. ನಮ್ಮ ಊರುಗಳಿಂದ ಮುಂಬಯಿಗೆ ಹೋಗಿ ಹೋಟೆಲಿಟ್ಟವರು ತಮ್ಮ ಊರಿನವರನ್ನೇ ಕರೆಸಿಕೊಂಡ ಹಾಗೆ, ಜರ್ಮನ್ ವಲಸಿಗರೂ ಒಂದೇ ಹಳ್ಳಿಯಿಂದ ಬಂದು ಒಂದೇ ಕೌಂಟಿಯಲ್ಲಿ ಅಕ್ಕಪಕ್ಕದಲ್ಲಿ ನೆಲೆಸುತ್ತಿದ್ದರು. ಮಗುವಿನ ಜ್ಞಾನಸ್ನಾನಕ್ಕೆ ನಿಂತ ಧರ್ಮಪಿತ, ಮದುವೆಯ ಸಾಕ್ಷಿ, ಪಕ್ಕದ ಹೊಲದವನು, ಅಣ್ಣತಮ್ಮಂದಿರು, ಇವರಲ್ಲಿ ಒಬ್ಬನ ಊರು ಸಿಕ್ಕರೂ ನಿಮ್ಮವನ ಊರು ಅದೇ ಅಥವಾ ಅದರ ಮಗ್ಗುಲಿನದು ಆಗಿರುವ ಸಾಧ್ಯತೆ ಬಲವಾಗಿದೆ.

ಹಂತ 3: ಹಡಗಿನ ಪಟ್ಟಿಗಳು

ಎಲ್ಲರೂ ಮೊದಲು ಹೋಗುವುದು ಇಲ್ಲಿಗೇ, ಆದರೆ ಫಲ ಸಿಗುವುದು ಸ್ವಲ್ಪ ಜನಕ್ಕೆ. ಹೊರಟ ಬಂದರಿನ ದಾಖಲೆ ಉಳಿದಿದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹ್ಯಾಂಬರ್ಗ್‌ನಿಂದ ಹೊರಟವರ ಪಟ್ಟಿಗಳು 1850ರಿಂದ 1934ರವರೆಗೆ ಉಳಿದಿವೆ, ಅವುಗಳಲ್ಲಿ ಕೊನೆಯದಾಗಿ ವಾಸವಿದ್ದ ಊರು ಬರೆದಿರುತ್ತದೆ. ಅವುಗಳಲ್ಲಿ ನೇರವಾಗಿ ಅಮೆರಿಕಕ್ಕೆ ಹೋದವರದು ಒಂದು ಸಾಲು, ಇಂಗ್ಲೆಂಡಿನಂಥ ನಡುವಿನ ಬಂದರಿನಲ್ಲಿ ಹಡಗು ಬದಲಿಸಿದವರದು ಇನ್ನೊಂದು ಸಾಲು. ಒಂದರಲ್ಲಿ ಸಿಗದಿದ್ದರೆ ಇನ್ನೊಂದನ್ನು ನೋಡಲು ಮರೆಯಬೇಡಿ. ಬ್ರೆಮೆನ್‌ನ ಕಥೆ ಬೇರೆ. ಹ್ಯಾಂಬರ್ಗ್‌ಗಿಂತ ಹೆಚ್ಚು ವಲಸಿಗರು ಹತ್ತಿದ್ದು ಅಲ್ಲಿಯೇ ಆದರೂ, ಇಡಲು ಜಾಗವಿಲ್ಲವೆಂದು ಹಳೆಯ ಪಟ್ಟಿಗಳನ್ನು ಅಲ್ಲಿನವರೇ ನಾಶಮಾಡಿದರು, ಉಳಿದವುಗಳಲ್ಲಿ ಬಹಳಷ್ಟು ಎರಡನೆಯ ಮಹಾಯುದ್ಧದಲ್ಲಿ ಹೋದವು. ಈಗ ಇರುವುದು 1920ರಿಂದ 1939ರವರೆಗಿನ ಪಟ್ಟಿಗಳು ಮಾತ್ರ. ನೈಋತ್ಯ ಜರ್ಮನಿಯವರು ಬಹುಮಂದಿ ಫ್ರಾನ್ಸಿನ ಹಾವ್ರ್ ಬಂದರಿನಿಂದ ಹೊರಟರು.

ಅಮೆರಿಕದ ಕಡೆಯ ಪಟ್ಟಿಗಳಲ್ಲಿ, 1855ರಿಂದ 1890ರವರೆಗೆ ನ್ಯೂಯಾರ್ಕ್‌ನ ಕ್ಯಾಸಲ್ ಗಾರ್ಡನ್ ಎಂಬ ವಲಸಿಗರ ತಪಾಸಣೆ ಕೇಂದ್ರದ ಕಾಲದಲ್ಲಿ ದೇಶದ ಹೆಸರಿಗಿಂತ ಹೆಚ್ಚೇನೂ ಇರುವುದು ಅಪರೂಪ. 1907ರಿಂದ ಮಾತ್ರ ಊರಿನಲ್ಲಿ ಬಿಟ್ಟುಬಂದ ಹತ್ತಿರದ ಸಂಬಂಧಿಯ ಹೆಸರು, ವಿಳಾಸಗಳನ್ನು ಬರೆಸುತ್ತಿದ್ದರು.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ತಿದ್ದಬೇಕು. 1892ರಲ್ಲಿ ತೆರೆದ, ನ್ಯೂಯಾರ್ಕ್‌ನ ಮುಂದಿನ ವಲಸೆ ಕೇಂದ್ರವಾದ ಎಲ್ಲಿಸ್ ಐಲ್ಯಾಂಡ್‌ನ ಗುಮಾಸ್ತರು ನಮ್ಮ ಮನೆತನದ ಹೆಸರನ್ನು ಬದಲಾಯಿಸಿದರೆಂಬ ಕಥೆ ಅನೇಕ ಕುಟುಂಬಗಳಲ್ಲಿದೆ. ಪ್ರಯಾಣಿಕರ ಪಟ್ಟಿ ತಯಾರಾಗುತ್ತಿದ್ದುದು ಹೊರಟ ಬಂದರಿನಲ್ಲಿ, ಹಡಗು ಕಂಪನಿಯವರ ಕೈಯಲ್ಲಿ. ಇಳಿದ ಕಡೆಯ ಅಧಿಕಾರಿಗಳು ಅದನ್ನು ತಾಳೆ ನೋಡುತ್ತಿದ್ದರು. ಹೆಸರು ಬದಲಾದದ್ದು ನಂತರದ ವರ್ಷಗಳಲ್ಲಿ, ನೆರೆಯವರ ಬಾಯಿಯಲ್ಲಿ, ಶಾಲೆಯಲ್ಲಿ, ಮತ್ತು ಎಷ್ಟೋ ಸಲ ವಲಸಿಗರ ಸ್ವಂತ ಇಚ್ಛೆಯಿಂದ. ಆದ್ದರಿಂದ ಹಡಗಿನ ಪಟ್ಟಿಯಲ್ಲಿ ಈಗಿನ ಇಂಗ್ಲಿಷ್ ರೂಪವನ್ನು ಹುಡುಕಬೇಡಿ, ಜರ್ಮನ್ ರೂಪವನ್ನು ಹುಡುಕಿ.

ಹಂತ 4: ಹೆಸರಿನ ಮೂಲರೂಪವನ್ನು ಕಂಡುಕೊಳ್ಳಿ

ಮ್ಯೂಲರ್ ಮಿಲ್ಲರ್ ಆದ, ಷ್ಮಿಟ್ ಸ್ಮಿತ್ ಆದ, ಕೋಖ್ ಕುಕ್ ಆದ, ತ್ಸಿಮರ್‌ಮನ್ ಕಾರ್ಪೆಂಟರ್ ಆದ. ಕೆಲವು ಧ್ವನಿಸಾಮ್ಯದಿಂದ ಬಂದವು, ಕೆಲವು ಅರ್ಥದ ಅನುವಾದ. ಇವಲ್ಲದೆ ಜರ್ಮನ್ ಉಪಭಾಷೆಗಳಲ್ಲಿ ಬ ಮತ್ತು ಪ, ದ ಮತ್ತು ತ, ಗ ಮತ್ತು ಕ ಒಂದರ ಜಾಗದಲ್ಲಿ ಒಂದು ಬರುತ್ತವೆ, ಹೀಗಾಗಿ ಒಂದೇ ಮನೆಯವರ ಹೆಸರು ಒಂದೇ ಪುಸ್ತಕದಲ್ಲಿ ಮೂರು ಕಾಗುಣಿತಗಳಲ್ಲಿರುತ್ತದೆ. ‘ನಮ್ಮದು ಹೀಗೆ ಬರೆಯುವ ಮನೆತನವಲ್ಲ’ ಎಂದು ಸರಿಯಾದ ದಾಖಲೆಯನ್ನೇ ಕೈಬಿಟ್ಟವರಿದ್ದಾರೆ.

ಪೂರ್ವಹೆಸರಿನಲ್ಲೂ ತೊಡಕಿದೆ. ಜರ್ಮನ್ ಮಕ್ಕಳಿಗೆ ಎರಡು ಮೂರು ಹೆಸರಿಡುತ್ತಿದ್ದರು, ಕರೆಯುತ್ತಿದ್ದುದು ಹೆಚ್ಚಾಗಿ ಎರಡನೆಯದನ್ನು. ಇದನ್ನು ರೂಫ್‌ನಾಮೆ, ಅಂದರೆ ಕರೆಯುವ ಹೆಸರು ಎನ್ನುತ್ತಾರೆ. ಒಂದು ಮನೆಯ ನಾಲ್ಕು ಗಂಡುಮಕ್ಕಳೂ ಯೋಹಾನ್ ಎಂದೇ ಪ್ರಾರಂಭವಾಗಿದ್ದರೆ ಗಾಬರಿಯಾಗಬೇಡಿ. ಯೋಹಾನ್ ಫ್ರೀಡ್ರಿಶ್ ಎಂಬವನು ಅಮೆರಿಕದಲ್ಲಿ ಫ್ರೆಡ್ ಆಗಿದ್ದಾನೆ, ಜಾನ್ ಆಗಿಲ್ಲ.

ಪ್ರದೇಶಕ್ಕೊಂದು ಪದ್ಧತಿಯಿತ್ತೆಂಬುದನ್ನೂ ನೆನಪಿಡಿ. ವೆಸ್ಟ್‌ಫಾಲಿಯಾದ ಕಡೆ ಹೆಸರು ಮನುಷ್ಯನಿಗಿಂತ ಹೊಲಮನೆಗೆ ಅಂಟಿಕೊಂಡಿರುತ್ತಿತ್ತು. ವಾರಸುದಾರಳಾದ ಹೆಣ್ಣನ್ನು ಮದುವೆಯಾಗಿ ಆ ಮನೆಗೆ ಬಂದವನು ಆ ಮನೆಯ ಹೆಸರನ್ನೇ ತೆಗೆದುಕೊಳ್ಳುತ್ತಿದ್ದ, ದಾಖಲೆಯಲ್ಲಿ ಎರಡು ಹೆಸರುಗಳ ನಡುವೆ ‘ಗೆನಾಂಟ್’ (ಎಂದು ಕರೆಯಲ್ಪಡುವ) ಎಂಬ ಪದ ಬರುತ್ತದೆ. ಈಸ್ಟ್ ಫ್ರೀಸ್‌ಲ್ಯಾಂಡ್‌ನಲ್ಲಿ, ನಮ್ಮ ಕಿಟೆಲ್ ಅವರು 1832ರಲ್ಲಿ ಹುಟ್ಟಿದ ಸೀಮೆಯಲ್ಲಿ, ತಂದೆಯ ಹೆಸರೇ ಮಗನ ಕೊನೆಯ ಹೆಸರಾಗಿ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಿತ್ತು. 1811ರ ನೆಪೋಲಿಯನ್ ಕಾಲದ ಆಜ್ಞೆ ಸ್ಥಿರವಾದ ಮನೆತನದ ಹೆಸರನ್ನು ಕಡ್ಡಾಯ ಮಾಡಿದರೂ ಹಳೆಯ ರೂಢಿ ಬೇಗ ಬಿಡಲಿಲ್ಲ. ತಂದೆಯ ಹೆಸರನ್ನು ಇನಿಷಿಯಲ್ ಆಗಿ ಇಟ್ಟುಕೊಂಡು ಬೆಳೆದ ಕನ್ನಡಿಗರಿಗೆ ಇದು ಅಮೆರಿಕನ್ನರಿಗಿಂತ ಬೇಗ ಅರ್ಥವಾಗುತ್ತದೆ.

ಯೆಹೂದಿ ಕುಟುಂಬಗಳ ವಿಷಯದಲ್ಲಿ ಸ್ಥಿರವಾದ ಮನೆತನದ ಹೆಸರು ಕಾನೂನಿನಿಂದ ಬಂದುದು ಬಾಡೆನ್‌ನಲ್ಲಿ 1809ರಲ್ಲಿ, ಪ್ರಷ್ಯಾದಲ್ಲಿ 1812ರಲ್ಲಿ, ಬವೇರಿಯಾದಲ್ಲಿ 1813ರಲ್ಲಿ. ಅವರ ನೋಂದಣಿ ಪುಸ್ತಕಗಳು ಪ್ರತ್ಯೇಕವಾಗಿದ್ದವು; ಅಂಥವರು ನ್ಯೂಯಾರ್ಕ್‌ನ ಲಿಯೊ ಬೆಕ್ ಸಂಸ್ಥೆಯ ಸಂಗ್ರಹದಿಂದ ಪ್ರಾರಂಭಿಸುವುದು ಒಳ್ಳೆಯದು.

ಹಂತ 5: ಸಿಕ್ಕಿದ ಊರು ಯಾವುದೆಂದು ಗೊತ್ತುಮಾಡಿ

ಕೊನೆಗೂ ಒಂದು ಹೆಸರು ಸಿಕ್ಕಿತೆಂದುಕೊಳ್ಳಿ. ಅದು ನಾಯ್‌ಸ್ಟಾಟ್ ಅಥವಾ ನಾಯ್‌ಹೌಸೆನ್ ಆಗಿದ್ದರೆ ಕೆಲಸ ಮುಗಿದಿಲ್ಲ, ಏಕೆಂದರೆ ಹೊಸೂರು, ಹೊಸಹಳ್ಳಿಗಳು ನಮ್ಮಲ್ಲಿ ತಾಲ್ಲೂಕಿಗೊಂದು ಇರುವಂತೆ ಅಲ್ಲಿಯೂ ಇವೆ. ಅದೂ ಅಲ್ಲದೆ, ಸಣ್ಣ ಹಳ್ಳಿಯವನು ಅಪರಿಚಿತರ ಮುಂದೆ ಹತ್ತಿರದ ದೊಡ್ಡ ಪಟ್ಟಣದ ಹೆಸರನ್ನೇ ತನ್ನ ಊರೆಂದು ಹೇಳಿರುತ್ತಾನೆ. ‘ಸ್ಟುಟ್‌ಗಾರ್ಟ್’ ಎಂದಿದ್ದರೆ ಸುತ್ತಲಿನ ಹಳ್ಳಿಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಲ್ಲಿ ನಿಮಗೆ ಬೇಕಾದ ಉಪಕರಣ ಮೇಯರ್ಸ್ ಸ್ಥಳಕೋಶ. 1912ರ ಈ ಆವೃತ್ತಿಯಲ್ಲಿ ಅಂದಿನ ಜರ್ಮನ್ ಸಾಮ್ರಾಜ್ಯದ ಎರಡು ಲಕ್ಷಕ್ಕೂ ಹೆಚ್ಚು ಊರುಗಳು, ಪ್ರತಿಯೊಂದು ಯಾವ ಜಿಲ್ಲೆಗೆ ಸೇರಿತ್ತು, ಅದರ ನೋಂದಣಿ ಕಚೇರಿ ಎಲ್ಲಿತ್ತು, ಅಲ್ಲಿ ಚರ್ಚು ಇತ್ತೇ ಎಂಬ ವಿವರಗಳಿವೆ, ಇಡಿಯಾಗಿ ಅಂತರ್ಜಾಲದಲ್ಲಿ ಉಚಿತವಾಗಿ ಹುಡುಕಬಹುದು. ಚರ್ಚಿಲ್ಲದ ಹಳ್ಳಿಯವರು ಯಾವ ಊರಿನ ಚರ್ಚಿಗೆ ಹೋಗುತ್ತಿದ್ದರೆಂಬುದನ್ನು ಪತ್ತೆಮಾಡುವುದು ಈ ಹಂತದ ಉದ್ದೇಶ. ಒಂದೇ ಹಳ್ಳಿಯ ಲೂಥರನ್ನರು ಒಂದು ದಿಕ್ಕಿಗೂ ಕ್ಯಾಥೊಲಿಕರು ಇನ್ನೊಂದು ದಿಕ್ಕಿಗೂ ಹೋಗುತ್ತಿದ್ದುದುಂಟು. ಹಂತ 1ರಲ್ಲಿ ಪಂಥವನ್ನು ಕೇಳಿಟ್ಟುಕೊಳ್ಳಿ ಎಂದುದು ಇದಕ್ಕಾಗಿಯೇ.

ಊರು 1945ರ ನಂತರ ಪೋಲೆಂಡಿಗೋ ರಷ್ಯಾಕ್ಕೋ ಸೇರಿದ ಭಾಗದಲ್ಲಿದ್ದರೆ ಹೆಸರೇ ಬೇರೆಯಾಗಿರುತ್ತದೆ: ಬ್ರೆಸ್ಲೌ ಈಗ ವ್ರೋಟ್ಸ್‌ವಾಫ್, ಸ್ಟೆಟಿನ್ ಈಗ ಶ್ಚೆಚಿನ್. ಅಲ್ಲಿನ ಉಳಿದ ದಾಖಲೆಗಳು ಪೋಲೆಂಡಿನ ಸರ್ಕಾರಿ ಪತ್ರಾಗಾರಗಳಲ್ಲಿವೆ, ದೊಡ್ಡ ಭಾಗವನ್ನು ಅವರು ಉಚಿತವಾಗಿ ಜಾಲತಾಣದಲ್ಲಿಟ್ಟಿದ್ದಾರೆ. ಯುದ್ಧದ ಕೊನೆಯಲ್ಲಿ ಪಶ್ಚಿಮಕ್ಕೆ ಸಾಗಿಸಿದ ಕೆಲವು ಬರ್ಲಿನ್‌ನ ಒಂದನೆಯ ನೋಂದಣಿ ಕಚೇರಿಯಲ್ಲೂ ಅಲ್ಲಿನ ಪ್ರಾಟೆಸ್ಟಂಟ್ ಕೇಂದ್ರ ಪತ್ರಾಗಾರದಲ್ಲೂ ಇವೆ. ಇನ್ನು ಗಣತಿಯಲ್ಲಿ ‘ಹುಟ್ಟಿದ್ದು ರಷ್ಯಾ, ಭಾಷೆ ಜರ್ಮನ್’ ಎಂದಿದ್ದರೆ ಅವರು 1763ರಲ್ಲಿ ಎರಡನೆಯ ಕ್ಯಾಥರೀನಳ ಘೋಷಣೆಯ ನಂತರ ವೋಲ್ಗಾ ತೀರದಲ್ಲೋ ಕಪ್ಪು ಸಮುದ್ರದ ಬಳಿಯೋ ನೆಲೆಸಿ, ನೂರು ವರ್ಷಗಳ ಮೇಲೆ ಅಮೆರಿಕಕ್ಕೆ ಬಂದವರ ಸಂತತಿ. ಅವರಿಗೆ ನಡುವೆ ಇನ್ನೊಂದು ದೇಶದ ಶೋಧನೆಯಿದೆ.

ಹಂತ 6: ಮೂಲ ದಾಖಲೆಗಳನ್ನು ತೆರೆಯಿರಿ

ಎರಡು ಬಗೆಯ ದಾಖಲೆಗಳಿವೆ. ಮೊದಲನೆಯದು ಸ್ಟಾಂಡೆಸಾಮ್ಟ್, ಅಂದರೆ ಊರಿನ ನೋಂದಣಿ ಕಚೇರಿಯದು. ರೈನ್ ನದಿಯ ಎಡದಂಡೆಯಲ್ಲಿ ಫ್ರೆಂಚರ ಆಡಳಿತದಿಂದಾಗಿ ಇದು 1798ರಲ್ಲೇ ಶುರುವಾಯಿತು. ಪ್ರಷ್ಯಾದಲ್ಲಿ 1874ರ ಅಕ್ಟೋಬರ್ 1ರಿಂದ, ಇಡೀ ಸಾಮ್ರಾಜ್ಯದಲ್ಲಿ 1876ರ ಜನವರಿ 1ರಿಂದ. ಹುಟ್ಟಿನ ದಾಖಲೆ 110 ವರ್ಷ, ಮದುವೆಯದು 80, ಸಾವಿನದು 30 ವರ್ಷ ಕಚೇರಿಯಲ್ಲಿದ್ದು, ಆಮೇಲೆ ಪತ್ರಾಗಾರಕ್ಕೆ ಹೋಗಿ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಅದಕ್ಕೆ ಮೊದಲು ನೇರ ವಂಶಸ್ಥರು ಸಂಬಂಧವನ್ನು ದಾಖಲೆಯಿಂದ ತೋರಿಸಿ ಕೇಳಬಹುದು. ಅಳಿಯನ ವಂಶದ ಪತ್ರವನ್ನು ಮಾವನ ಹೆಸರಿನಲ್ಲಿ ಕೇಳಿದರೆ ಕೊಡುವುದಿಲ್ಲ, ಅರ್ಜಿ ಅಳಿಯನ ಅಥವಾ ಮೊಮ್ಮಗುವಿನ ಹೆಸರಿನಲ್ಲೇ ಹೋಗಬೇಕು.

1876ಕ್ಕಿಂತ ಹಿಂದಕ್ಕೆ ಆಧಾರ ಎರಡನೆಯ ಬಗೆ, ಕಿರ್ಷೆನ್‌ಬೂಖ್, ಅಂದರೆ ಚರ್ಚಿನ ಪುಸ್ತಕ. ಜ್ಞಾನಸ್ನಾನ, ಮದುವೆ, ಶವಸಂಸ್ಕಾರ ಎಂಬ ಮೂರು ಭಾಗಗಳು ಅದರಲ್ಲಿರುತ್ತವೆ. ಕೆಲವೆಡೆ ಹದಿನಾರನೆಯ ಶತಮಾನದಿಂದಲೇ ಇವೆ. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಸುಟ್ಟುಹೋದುದರಿಂದ ಬಹಳ ಊರುಗಳಲ್ಲಿ 1650ರ ಆಸುಪಾಸಿನಿಂದ ಮಾತ್ರ ಇವೆ. ಪ್ರಾಟೆಸ್ಟಂಟ್ ಪುಸ್ತಕಗಳಿಗೆ ಆರ್ಕಿಯಾನ್ ಎಂಬ ಶುಲ್ಕದ ಜಾಲತಾಣ, ಕ್ಯಾಥೊಲಿಕ್ ಪುಸ್ತಕಗಳಿಗೆ ಮಾಟ್ರಿಕುಲಾ ಎಂಬ ಉಚಿತ ಜಾಲತಾಣವಿದೆ. ಫ್ಯಾಮಿಲಿಸರ್ಚ್‌ನಲ್ಲಿಯೂ ಅಪಾರ ಸಂಗ್ರಹವಿದೆ, ಆದರೆ ಕೆಲವು ಚಿತ್ರಗಳನ್ನು ಅವರ ಕೇಂದ್ರಕ್ಕೆ ಅಥವಾ ಒಪ್ಪಂದವಿರುವ ಗ್ರಂಥಾಲಯಕ್ಕೆ ಹೋಗಿಯೇ ನೋಡಬೇಕಾಗುತ್ತದೆ. ಶುಲ್ಕ ಕಟ್ಟುವ ಮೊದಲು ನಿಮ್ಮ ಊರಿನ ಪುಸ್ತಕ, ನಿಮಗೆ ಬೇಕಾದ ವರ್ಷಗಳದ್ದು, ಆ ಜಾಲತಾಣದಲ್ಲಿ ಇದೆಯೆಂದು ಪಟ್ಟಿ ನೋಡಿ ಖಚಿತಪಡಿಸಿಕೊಳ್ಳಿ.

ಪೂರ್ವಜರು ವ್ಯುರ್ಟೆಂಬರ್ಗ್‌ನವರಾಗಿದ್ದರೆ ನೀವು ಭಾಗ್ಯವಂತರು. ಅಲ್ಲಿ 1808ರಿಂದ ಫಮೀಲಿಯೆನ್‌ರೆಗಿಸ್ಟರ್ ಎಂಬ ಕುಟುಂಬ ಪುಸ್ತಕವನ್ನು ಕಡ್ಡಾಯವಾಗಿ ಇಟ್ಟರು. ಒಂದು ಪುಟದಲ್ಲಿ ಗಂಡ, ಹೆಂಡತಿ, ಇಬ್ಬರ ತಂದೆತಾಯಿಗಳು, ಎಲ್ಲ ಮಕ್ಕಳು, ಮತ್ತು ಎಷ್ಟೋ ಕಡೆ ‘ಅಮೆರಿಕಕ್ಕೆ’ ಎಂಬ ಟಿಪ್ಪಣಿ. ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗ್ ಕೂಡ ಈ ಸೀಮೆಯವರೇ. ಬೇರೆ ಪ್ರದೇಶದವರು ತಮ್ಮ ಊರಿಗೆ ಓರ್ಟ್ಸ್‌ಫಮೀಲಿಯೆನ್‌ಬೂಖ್ ಇದೆಯೇ ಎಂದು ವಿಚಾರಿಸಬೇಕು. ಇದು ಒಂದು ಊರಿನ ಎಲ್ಲ ಕುಟುಂಬಗಳನ್ನು ಚರ್ಚಿನ ಪುಸ್ತಕದಿಂದ ತೆಗೆದು ಯಾರಾದರೊಬ್ಬ ಸ್ಥಳೀಯ ಶ್ರದ್ಧಾವಂತರು ಜೋಡಿಸಿದ ಗ್ರಂಥ. ಇಂಥವು ನೂರಾರು ಉಚಿತವಾಗಿ ಅಂತರ್ಜಾಲದಲ್ಲಿವೆ. ಆದರೂ ಅದು ಮತ್ತೊಬ್ಬರ ಓದು. ಮೂಲ ನಮೂದನ್ನು ಕಣ್ಣಾರೆ ನೋಡಿಯೇ ಬರೆದುಕೊಳ್ಳಿ.

ಊರು ಬಿಡಲು ಅನುಮತಿ ಬೇಡಿದವರ ಕಡತಗಳೂ ಸರ್ಕಾರಿ ಪತ್ರಾಗಾರಗಳಲ್ಲಿವೆ. ಬಾಡೆನ್ ಮತ್ತು ವ್ಯುರ್ಟೆಂಬರ್ಗ್‌ನವುಗಳ ಸೂಚಿ ಅಂತರ್ಜಾಲದಲ್ಲಿದೆ. ಸೇನೆಗೆ ಸೇರುವುದನ್ನು ತಪ್ಪಿಸಿಕೊಳ್ಳಲು ರಾತ್ರೋರಾತ್ರಿ ಹೊರಟವರು ಇವುಗಳಲ್ಲಿ ಇರುವುದಿಲ್ಲ.

ಹಂತ 7: ಓದಲು ಕಲಿಯಿರಿ

ಇಲ್ಲಿಗೆ ಬಂದು ಕೈಬಿಡುವವರು ಹೆಚ್ಚು. ದಾಖಲೆಗಳಿರುವುದು ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿ, ಇಂದಿನ ಜರ್ಮನರಿಗೂ ಅದು ಓದಲು ಬರುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿರುವ ಮೋಡಿ ಲಿಪಿಯ ಕಾಗದಗಳ ಸ್ಥಿತಿಯೇ ಅದರದ್ದು. ಅದರಲ್ಲಿ ‘ಇ’ ಅಕ್ಷರವು ‘ಎನ್’ನಂತೆ ಕಾಣುತ್ತದೆ, ‘ಯು’ ಮೇಲೆ ಒಂದು ಕೊಕ್ಕೆಯಿರುತ್ತದೆ, ‘ಎಸ್’, ‘ಎಫ್’, ‘ಎಚ್’ಗಳು ಒಂದನ್ನೊಂದು ಹೋಲುತ್ತವೆ. ಓದಿ ಕಲಿಯುವುದಕ್ಕಿಂತ ಬರೆದು ಕಲಿಯುವುದು ಬೇಗ: ಅಕ್ಷರಮಾಲೆಯ ಚಿತ್ರವನ್ನು ಮುಂದಿಟ್ಟುಕೊಂಡು ಎರಡು ವಾರ ದಿನಕ್ಕೆ ಹದಿನೈದು ನಿಮಿಷ ಕೈಯಾರೆ ಬರೆಯಿರಿ. ಕೈಬರಹ ಓದುವ ತಂತ್ರಾಂಶಗಳು ಈಗ ನೆರವಾಗುತ್ತವೆ, ಆದರೆ ಅವು ಎಡವುವುದು ನಿಮಗೆ ಮುಖ್ಯವಾದ ಜಾಗದಲ್ಲೇ, ಅಂದರೆ ಜನರ ಮತ್ತು ಊರುಗಳ ಹೆಸರಿನಲ್ಲಿ.

ದಿನಾಂಕಗಳಲ್ಲಿ ಕೆಲವು ಬಲೆಗಳಿವೆ. ‘7ಬರ್’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್; ‘8ಬರ್’ ಅಕ್ಟೋಬರ್, ‘9ಬರ್’ ನವೆಂಬರ್, ‘10ಬರ್’ ಡಿಸೆಂಬರ್; ಲ್ಯಾಟಿನ್ನಿನಲ್ಲಿ ಏಳು, ಎಂಟು, ಒಂಬತ್ತು, ಹತ್ತು ಎಂಬ ಪದಗಳಿಂದ ಬಂದ ತಿಂಗಳುಗಳಿವು. ಜರ್ಮನರು ನಮ್ಮಂತೆಯೇ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುತ್ತಾರೆ, ಅಮೆರಿಕನ್ನರು ತಿಂಗಳನ್ನು ಮೊದಲು ಬರೆಯುತ್ತಾರೆ. ಕಡತದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯುವ ರೂಢಿ ಮಾಡಿಕೊಳ್ಳಿ. ರೈನ್ ಎಡದಂಡೆಯಲ್ಲಿ 1805ರವರೆಗೆ ಫ್ರೆಂಚ್ ಗಣರಾಜ್ಯದ ಪಂಚಾಂಗ ನಡೆಯುತ್ತಿತ್ತು, ಅದಕ್ಕೆ ಪರಿವರ್ತನೆಯ ಕೋಷ್ಟಕ ಬೇಕು.

ನಮೂದುಗಳಲ್ಲಿ ನಕ್ಷತ್ರ ಚಿಹ್ನೆ ಹುಟ್ಟನ್ನು, ಅಲೆಯಂಥ ಗೀಟು ಜ್ಞಾನಸ್ನಾನವನ್ನು, ಹೆಣೆದ ಎರಡು ಉಂಗುರ ಮದುವೆಯನ್ನು, ಶಿಲುಬೆ ಸಾವನ್ನು ಸೂಚಿಸುತ್ತವೆ. ‘ಗೆಬ್.’ ಎಂಬುದು ಸ್ತ್ರೀಯ ಹೆಸರಿನ ನಂತರ ಬಂದರೆ ಮುಂದಿರುವುದು ಅವಳ ತವರು ಹೆಸರು. ಹಳೆಯ ನಮೂದಿನಲ್ಲಿ ‘ಮ್ಯೂಲರಿನ್’ ಎಂದಿದ್ದರೆ ಕೊನೆಯ ‘ಇನ್’ ಸ್ತ್ರೀಪ್ರತ್ಯಯ, ಮನೆತನ ಮ್ಯೂಲರ್.

ಅತಿ ದುಬಾರಿ ತಪ್ಪು ಒಂದಿದೆ. ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವುದು ವಾಡಿಕೆಯಾಗಿತ್ತು. ನಿಮಗೆ ಸಿಕ್ಕಿದ ಜ್ಞಾನಸ್ನಾನದ ನಮೂದು ಎರಡು ವರ್ಷಕ್ಕೇ ಹೋದ ಅಣ್ಣನದ್ದಾಗಿರಬಹುದು. ಪಕ್ಕದಲ್ಲಿ ಶಿಲುಬೆಯ ಗುರುತಿದೆಯೇ ನೋಡಿ, ಮುಂದಿನ ಹತ್ತು ವರ್ಷಗಳ ಸಾವಿನ ಪುಟಗಳನ್ನು ತಿರುವಿ, ಆಮೇಲೆ ವಂಶಾವಳಿಗೆ ಸೇರಿಸಿ. ತಂದೆಯ ಹೆಸರಿಲ್ಲದ ಮಗು ಕಂಡರೂ ಅಪಮಾನವೆಂದು ಭಾವಿಸಬೇಡಿ. ಬವೇರಿಯಾ, ಮೆಕ್ಲೆನ್‌ಬರ್ಗ್‌ಗಳಂಥ ಕಡೆ ಬಡವರು ಮದುವೆಯಾಗಲು ಊರಿನ ಅಥವಾ ಒಡೆಯರ ಒಪ್ಪಿಗೆ ಬೇಕಿತ್ತು, ಅದು ಸಿಗದೆ ಹೋದ ಜೋಡಿಗಳಲ್ಲಿ ಎಷ್ಟೋ ಜನ ಹಡಗು ಹತ್ತಿದ್ದೇ ಈ ಕಾರಣಕ್ಕೆ.

ಹಂತ 8: ಪತ್ರ ಬರೆಯುವುದು, ನಂಬದಿರುವುದು

ಅಂತರ್ಜಾಲದಲ್ಲಿಲ್ಲದ ದಾಖಲೆಗಾಗಿ ಊರಿನ ಪತ್ರಾಗಾರಕ್ಕೋ ಚರ್ಚಿನ ಕಚೇರಿಗೋ ಚಿಕ್ಕದಾಗಿ, ಸರಳ ಜರ್ಮನ್‌ನಲ್ಲಿ ಬರೆಯಿರಿ. ಒಂದು ಪತ್ರದಲ್ಲಿ ಒಬ್ಬ ವ್ಯಕ್ತಿ, ಒಂದು ಘಟನೆ: ಹೆಸರು, ಪಂಥ, ಅಂದಾಜು ವರ್ಷ, ಈಗಾಗಲೇ ನೋಡಿರುವ ದಾಖಲೆ. ‘ನಮ್ಮ ಕುಟುಂಬದ ಬಗ್ಗೆ ಇರುವುದನ್ನೆಲ್ಲ ಕಳುಹಿಸಿ’ ಎಂದು ಬರೆದ ಪತ್ರಕ್ಕೆ ಉತ್ತರ ಬಾರದು. ಹುಡುಕಾಟಕ್ಕೆ ಸಮಯದ ಲೆಕ್ಕದಲ್ಲಿ ಶುಲ್ಕ ಹಾಕುವುದು ರೂಢಿ, ಆದ್ದರಿಂದ ಎಷ್ಟಾಗಬಹುದೆಂದು ಮೊದಲೇ ಕೇಳಿ, ಮಿತಿಯನ್ನೂ ತಿಳಿಸಿ.

ಇತರರು ಅಂತರ್ಜಾಲಕ್ಕೆ ಏರಿಸಿದ ವಂಶವೃಕ್ಷಗಳನ್ನು ಸುಳಿವಾಗಿ ಮಾತ್ರ ಬಳಸಿ. ಒಂದೇ ತಪ್ಪು ನಲವತ್ತು ಮರಗಳಲ್ಲಿ ನಕಲಾದರೆ ಅದು ನಲವತ್ತು ಸಾಕ್ಷಿಗಳಾಗುವುದಿಲ್ಲ. ಮನೆತನದ ಹೆಸರು ಹೇಳಿದರೆ ಕುಲಲಾಂಛನ ಮಾರುವವರಿಂದ ದೂರವಿರಿ. ಲಾಂಛನ ಒಂದು ನಿರ್ದಿಷ್ಟ ಕುಟುಂಬದ್ದು, ಆ ಹೆಸರಿನ ಎಲ್ಲರದ್ದಲ್ಲ. ಡಿಎನ್‌ಎ ಪರೀಕ್ಷೆ ಅಮೆರಿಕದಲ್ಲಿರುವ ದಾಯಾದಿಗಳನ್ನು ಕೂಡಿಸಲು ಒಳ್ಳೆಯದು, ಜರ್ಮನಿಯಲ್ಲಿ ಪರೀಕ್ಷೆ ಮಾಡಿಸಿಕೊಂಡವರು ಕಡಿಮೆಯಾದ್ದರಿಂದ ಅದು ಊರನ್ನು ತೋರಿಸುವುದು ಅಪರೂಪ. ಪೌರತ್ವದ ಆಸೆಯಿಂದ ಕೇಳುವವರಿಗೆ ಒಂದು ಮಾತು: 1913ರ ಕಾನೂನು ಜಾರಿಗೆ ಬರುವವರೆಗೆ, ಹತ್ತು ವರ್ಷ ಪರದೇಶದಲ್ಲಿದ್ದು ರಾಯಭಾರ ಕಚೇರಿಯಲ್ಲಿ ನೋಂದಾಯಿಸಿಕೊಳ್ಳದ ಜರ್ಮನ್ ತನ್ನ ಪೌರತ್ವವನ್ನು ತಾನಾಗಿ ಕಳೆದುಕೊಳ್ಳುತ್ತಿದ್ದ. 1904ಕ್ಕೆ ಮೊದಲು ಹೊರಟವರ ವಂಶಸ್ಥರಿಗೆ ಈ ದಾರಿ ಸಾಮಾನ್ಯವಾಗಿ ಮುಚ್ಚಿದೆ.

ಹಂತ 9: ಊರಿಗೆ ಹೋಗುವುದಿದ್ದರೆ

ಊರು ಸಿಕ್ಕ ಮೇಲೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಬರುವ ಆಸೆ ಸಹಜ, ಅದನ್ನು ಈಡೇರಿಸಿಕೊಳ್ಳಿ. ಆದರೆ ಪೂರ್ವಜರ ಸಮಾಧಿಯನ್ನು ಹುಡುಕಿಕೊಂಡು ಹೋಗಬೇಡಿ. ಜರ್ಮನಿಯಲ್ಲಿ ಸಮಾಧಿಯ ಜಾಗವನ್ನು ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ವರ್ಷಗಳ ಅವಧಿಗೆ ಕೊಡುತ್ತಾರೆ, ಯಾರೂ ನವೀಕರಿಸದಿದ್ದರೆ ಕಲ್ಲನ್ನು ತೆಗೆದು ಬೇರೊಬ್ಬರಿಗೆ ಜಾಗ ಕೊಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ರೈತನ ಕಲ್ಲು ಉಳಿದಿರುವುದು ಬಲು ವಿರಳ. ನೋಡಬೇಕಾದುದು ಚರ್ಚಿನೊಳಗಿನ ಜ್ಞಾನಸ್ನಾನದ ಕಲ್ಲುತೊಟ್ಟಿ (ಎಷ್ಟೋ ಊರುಗಳಲ್ಲಿ ನಿಮ್ಮ ಪೂರ್ವಜನ ತಲೆಗೆ ನೀರು ಹನಿಸಿದ ತೊಟ್ಟಿಯೇ ಇಂದಿಗೂ ಇದೆ), ಅದೇ ಮನೆತನದ ಹೆಸರುಗಳನ್ನು ಕೆತ್ತಿರುವ ಯುದ್ಧಸ್ಮಾರಕ, ಮತ್ತು ಊರಿನವರು ಇನ್ನೂ ಹಳೆಯ ಹೆಸರಿನಿಂದ ಕರೆಯುವ ಹೊಲಮನೆಗಳು. ಹಳ್ಳಿಯ ಚರ್ಚುಗಳಿಗೆ ವಾರದ ದಿನಗಳಲ್ಲಿ ಬೀಗ ಹಾಕಿರುವುದುಂಟು, ಹೊರಡುವ ಎರಡು ತಿಂಗಳ ಮೊದಲೇ ಚರ್ಚಿನ ಕಚೇರಿಗೂ, ಹೈಮಾಟ್‌ಫೆರೈನ್ ಎಂಬ ಊರಿನ ಇತಿಹಾಸ ಸಂಘಕ್ಕೂ ಬರೆದು ದಿನ ಗೊತ್ತುಮಾಡಿಕೊಳ್ಳಿ. ಹೋಗುವಾಗ ನೀವು ಜೋಡಿಸಿದ ವಂಶಾವಳಿಯ ಒಂದು ಪ್ರತಿಯನ್ನು, ಊರು ಬಿಟ್ಟವರು ಅಮೆರಿಕದಲ್ಲಿ ಏನಾದರೆಂಬ ವಿವರದ ಸಮೇತ, ಆ ಸಂಘಕ್ಕೆ ಕೊಡಲು ತೆಗೆದುಕೊಂಡು ಹೋಗಿ. ಅವರ ಪುಸ್ತಕದಲ್ಲಿ ‘ಅಮೆರಿಕಕ್ಕೆ’ ಎಂಬ ಪದದ ಮುಂದಿರುವ ಜಾಗ ಇನ್ನೂ ಖಾಲಿಯಾಗಿದೆ.